ರಕ್ತದ ಸಾಕ್ಷಿ, ಲಸಿಕೆಯ ರಕ್ಷೆ

2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆ ಎದ್ದಾಗ ನಮ್ಮ ಮನೆಮಾತಿಗೆ ಹೊಸ ಪ್ರಶ್ನೆಯೊಂದು ಬಂದು ಸೇರಿತು: ‘ಸಿ.ಆರ್.ಪಿ. ಎಷ್ಟು ಬಂದಿದೆ?’ ರಕ್ತಪರೀಕ್ಷೆಯ ಚೀಟಿ ಕೈಸೇರಿದೊಡನೆ ಎಲ್ಲರ ಕಣ್ಣೂ ಆ ಅಂಕಿಯನ್ನೇ ಹುಡುಕುತ್ತಿತ್ತು. ಕಡಿಮೆಯಿದ್ದರೆ ಸಮಾಧಾನ, ಹೆಚ್ಚಿದ್ದರೆ ಎದೆಬಡಿತ. ಅಷ್ಟೊಂದು ಭಯಭಕ್ತಿಗೆ ಪಾತ್ರವಾದ ಈ ಅಂಕಿ ಬಂದದ್ದಾದರೂ ಎಲ್ಲಿಂದ?

ರೋಗಿಯ ರಕ್ತವನ್ನು ನೋಡಿ ರೋಗದ ಉಗ್ರತೆಯನ್ನು ಅಳೆಯುವ ಆಸೆ ಬಹಳ ಹಳೆಯದು. ಯೂರೋಪಿನ ವೈದ್ಯರು ರೋಗಿಯ ರಕ್ತ ತೆಗೆದು ಪಾತ್ರೆಯಲ್ಲಿಟ್ಟಾಗ, ಜ್ವರಪೀಡಿತರ ರಕ್ತದಲ್ಲಿ ಕೆಂಪು ಭಾಗ ಬೇಗನೆ ತಳಕ್ಕಿಳಿದು ಮೇಲೆ ಬಿಳಿಚಿದ ಪದರ ನಿಲ್ಲುವುದನ್ನು ಕಂಡಿದ್ದರು. ಪೋಲೆಂಡಿನ ಎಡ್ಮಂಡ್ ಬಿಯರ್ನಾಕಿ 1897ರಲ್ಲಿ ಈ ಇಳಿತದ ವೇಗವನ್ನೇ ರೋಗಪರೀಕ್ಷೆಯಾಗಿ ಮಾಡಬಹುದೆಂದರು. ಸ್ವೀಡನ್ನಿನ ಫಾರೇಯಸ್ ಮತ್ತು ವೆಸ್ಟರ್‌ಗ್ರೆನ್ 1918–21ರ ಅವಧಿಯಲ್ಲಿ ಅದಕ್ಕೊಂದು ಕ್ರಮ ಒದಗಿಸಿದರು. ಇಂದಿಗೂ ವೈದ್ಯರು ಬರೆದುಕೊಡುವ ಇ.ಎಸ್.ಆರ್. ಪರೀಕ್ಷೆ ಇದೇ. ಆದರೆ ಅದು ನಿಧಾನವಾಗಿ ಏರಿ, ನಿಧಾನವಾಗಿ ಇಳಿಯುವ ಅಳತೆ.

ಹೆಚ್ಚು ಚುರುಕಾದ ಸಾಕ್ಷಿ ದೊರೆತದ್ದು 1930ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬ ವಿಜ್ಞಾನಿಗಳು ನ್ಯುಮೋನಿಯಾ ರೋಗಿಗಳ ರಕ್ತಸಾರವನ್ನು ಆ ರೋಗದ ಬ್ಯಾಕ್ಟೀರಿಯಾದಿಂದ ತೆಗೆದ ‘ಸಿ’ ಎಂಬ ದ್ರವ್ಯದೊಡನೆ ಬೆರೆಸಿದರು. ರೋಗ ಉಲ್ಬಣಿಸಿದ್ದಾಗ ಅದರಲ್ಲಿ ಗಷ್ಟು ಕಟ್ಟುತ್ತಿತ್ತು. ರೋಗಿ ಚೇತರಿಸಿಕೊಂಡೊಡನೆ ಆ ಗುಣ ಮಾಯವಾಗುತ್ತಿತ್ತು. ರೋಗದೊಡನೆ ಬಂದು ರೋಗದೊಡನೆ ಹೋಗುವ ಈ ವಸ್ತು ಒಂದು ಪ್ರೋಟೀನೆಂದು ಮುಂದೆ ಖಚಿತವಾಯಿತು. ಅದೇ ಸಿ-ರಿಯಾಕ್ಟಿವ್ ಪ್ರೋಟೀನ್, ಅರ್ಥಾತ್ ಸಿ.ಆರ್.ಪಿ.

ದೇಹದಲ್ಲಿ ಉರಿಯೂತವೆದ್ದಾಗ ರಕ್ಷಣಾಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶವಸ್ತುವನ್ನು ಬಿಡುಗಡೆ ಮಾಡುತ್ತವೆ. ಸಂದೇಶ ಮುಟ್ಟಿದೊಡನೆ ಯಕೃತ್ತು ಈ ಪ್ರೋಟೀನನ್ನು ತಯಾರಿಸತೊಡಗುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಏರುತ್ತದೆ, ಸುಮಾರು ಎರಡು ದಿನಗಳಲ್ಲಿ ಶಿಖರ ಮುಟ್ಟುತ್ತದೆ; ಉರಿ ತಣಿದರೆ ಬೇಗನೆ ಇಳಿಯುತ್ತದೆ.

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸಬೇಕೆನ್ನುವುದು ನಮ್ಮ ತರ್ಕಶಾಸ್ತ್ರದ ಮೊದಲ ಪಾಠ. ಸಿ.ಆರ್.ಪಿ.ಯೂ ಅಂಥ ಹೊಗೆಯೇ. ಆದರೆ ಉರಿಯುತ್ತಿರುವ ಸೌದೆ ಯಾವುದೆಂದು ಹೊಗೆ ಹೇಳಲಾರದು. ಬ್ಯಾಕ್ಟೀರಿಯಾ ಸೋಂಕು, ಸಂಧಿವಾತ, ದೊಡ್ಡ ಗಾಯ, ಯಾವುದರಿಂದಲೂ ಅದು ಏರಬಹುದು. ಸಾಮಾನ್ಯ ವೈರಸ್ ಜ್ವರದಲ್ಲಿ ಅದು ಅಷ್ಟಾಗಿ ಏರುವುದಿಲ್ಲ. ಆದ್ದರಿಂದಲೇ ಕೋವಿಡ್ ರೋಗಿಯಲ್ಲಿ ಅದು ಬಹಳ ಏರಿದಾಗ ವೈದ್ಯರು ಎಚ್ಚೆತ್ತುಕೊಳ್ಳುತ್ತಿದ್ದರು. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಆಸ್ಪತ್ರೆ ಸೇರಿದವರ ಅಪಾಯವನ್ನು ಅಂದಾಜು ಮಾಡಲು ಸಿದ್ಧಪಡಿಸಿದ ಲೆಕ್ಕದಲ್ಲಿ ಎಂಟು ಅಂಶಗಳಿದ್ದವು. ಸಿ.ಆರ್.ಪಿ. ಅವುಗಳಲ್ಲೊಂದು ಮಾತ್ರ, ವಯಸ್ಸು, ಉಸಿರಾಟದ ವೇಗ, ರಕ್ತದ ಆಮ್ಲಜನಕ, ಇತರ ಕಾಯಿಲೆಗಳು ಮೊದಲಾದವೂ ಅದರೊಡನೆ ಸೇರಿದ್ದವು.

ಈ ‘ಒಂದು ಮಾತ್ರ’ ಎಂಬುದನ್ನು ಮರೆತಾಗ ಅನಾಹುತವಾಗುತ್ತದೆ. ಉರಿಯೂತ ತಗ್ಗಿಸುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಆಮ್ಲಜನಕ ಬೇಕಾದ ರೋಗಿಗಳ ಪ್ರಾಣ ಉಳಿಸುತ್ತದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ‘ರಿಕವರಿ’ ಪ್ರಯೋಗ ತೋರಿಸಿತು. ಆಮ್ಲಜನಕ ಬೇಡದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಹಾಗಿದ್ದೂ ಮರುವರ್ಷ ನಮ್ಮಲ್ಲಿ ಲಘು ರೋಗದವರೂ ಅಂಕಿಗೆ ಬೆದರಿ ಸ್ಟೀರಾಯ್ಡ್ ನುಂಗಿದರು. ಅದರ ಅತಿಬಳಕೆಯೂ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯೂ ಕೂಡಿ ಕಪ್ಪು ಶಿಲೀಂಧ್ರ ರೋಗಕ್ಕೆ ದಾರಿ ಮಾಡಿಕೊಟ್ಟವು.

ಕುತೂಹಲದ ಸಂಗತಿಯೆಂದರೆ, ರಕ್ತದ ಈ ಸಾಕ್ಷಿಯನ್ನು ಕಂಡ ಥಾಮಸ್ ಫ್ರಾನ್ಸಿಸ್ ಅವರೇ ಮುಂದೆ ಲಸಿಕೆಯ ದಾರಿ ಹಿಡಿದದ್ದು. 1943ರಲ್ಲಿ ಅಮೆರಿಕದ ಸೇನೆಗಾಗಿ ಫ್ಲೂ ಲಸಿಕೆಯ ಪ್ರಯೋಗ ನಡೆಸಿದಾಗ ಅವರ ಕೈಕೆಳಗೆ ಕಲಿಯುತ್ತಿದ್ದ ತರುಣ ಜೋನಾಸ್ ಸಾಲ್ಕ್. ಸಾಲ್ಕ್ ಪೋಲಿಯೋ ಲಸಿಕೆ ರೂಪಿಸಿದಾಗ ಅದನ್ನು ಒರೆಗೆ ಹಚ್ಚುವ ಹೊಣೆ ಮತ್ತೆ ಗುರುವಿಗೇ ಬಂತು. 1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ ಆ ಪರೀಕ್ಷೆಯ ಫಲಿತಾಂಶವನ್ನು ಫ್ರಾನ್ಸಿಸ್ 1955ರ ಏಪ್ರಿಲ್ 12ರಂದು ಪ್ರಕಟಿಸಿದರು: ಲಸಿಕೆ ಸುರಕ್ಷಿತ, ಪರಿಣಾಮಕಾರಿ.

ಉರಿ ಎಷ್ಟೆಂದು ಅಳೆಯುವುದು ಒಂದು ವಿದ್ಯೆ. ಉರಿ ಹಬ್ಬದಂತೆ ಮೊದಲೇ ತಡೆಯುವುದು ಇನ್ನೊಂದು. ಲಸಿಕೆ ಪಡೆದ ದೇಹಕ್ಕೆ ಶತ್ರುವಿನ ನೆನಪಿರುವುದರಿಂದ ಅದು ಬೇಗನೆ ಎದುರು ನಿಲ್ಲುತ್ತದೆ. ನಮ್ಮ ದೇಶದಲ್ಲಿ 2021ರ ಜನವರಿ 16ರಂದು ಆರಂಭವಾದ ಕೋವಿಡ್ ಲಸಿಕೆ ಸೋಂಕನ್ನು ಪೂರ್ತಿ ತಡೆಯದಿದ್ದರೂ ಅದು ಉಗ್ರವಾಗುವುದನ್ನು ಬಹುಮಟ್ಟಿಗೆ ತಡೆದದ್ದು ಹೀಗೆಯೇ. ಲಸಿಕೆ ಬರುವ ಮೊದಲು ಮಾಡಿದ ಅಪಾಯದ ಲೆಕ್ಕಗಳನ್ನು ಲಸಿಕೆ ಪಡೆದವರಿಗೆ ಹಾಗೆಯೇ ಅನ್ವಯಿಸಲಾಗದೆಂಬುದಕ್ಕೂ ಇದೇ ಕಾರಣ.

ಹಾಗಾಗಿ ಚೀಟಿಯಲ್ಲಿನ ಅಂಕಿಯನ್ನು ತೀರ್ಪೆಂದು ಓದಬಾರದು. ಅದು ಸಾಕ್ಷಿ ಮಾತ್ರ. ತೀರ್ಪು ಕೊಡಬೇಕಾದವರು ರೋಗಿಯ ಉಸಿರನ್ನೂ ವಯಸ್ಸನ್ನೂ ಲಸಿಕೆಯ ಇತಿಹಾಸವನ್ನೂ ಕೂಡಿಸಿ ನೋಡುವ ವೈದ್ಯರು.