ತಾಯಿ (ಕಾದಂಬರಿ)

ತಾಯಿ ರಷ್ಯನ್ ಲೇಖಕ ಮ್ಯಾಕ್ಸಿಂ ಗಾರ್ಕಿಯವರ ಕಾದಂಬರಿ. ಇದರ ಬಹುಭಾಗವನ್ನು ಅವರು 1906ರಲ್ಲಿ ಅಮೆರಿಕದಲ್ಲಿದ್ದಾಗ ಬರೆದರು. ಮೊದಲು ಪ್ರಕಟವಾದದ್ದು ಇಂಗ್ಲಿಷ್ ಅನುವಾದ. 1902ರ ಮೇ ದಿನದಂದು ಸೊರ್ಮೊವೊ ಎಂಬ ಕಾರ್ಖಾನೆ ಪಟ್ಟಣದಲ್ಲಿ ನಡೆದ ಮೆರವಣಿಗೆ, ಅದರಲ್ಲಿ ಬಂಧಿತನಾದ ಪ್ಯೋತ್ರ್ ಜಲೋಮೊವ್ ಹಾಗೂ ಆತನ ತಾಯಿ ಆನ್ನಾ ಈ ಕೃತಿಗೆ ಪ್ರೇರಣೆ.

ವರ್ಗಸಂಘರ್ಷದ ಚಿತ್ರಣ

ಕಾರ್ಖಾನೆಯೊಳಗಿನ ಸಂಘರ್ಷವು ಒಂದು ಕೊಪೆಕ್‌ನಿಂದ ಬಹಿರಂಗಗೊಳ್ಳುತ್ತದೆ. ಸುತ್ತಲಿನ ಜೌಗು ನೆಲವನ್ನು ಒಣಗಿಸುವ ವೆಚ್ಚಕ್ಕೆಂದು ನಿರ್ದೇಶಕನು ಕಾರ್ಮಿಕರ ಕೂಲಿಯಲ್ಲಿ ರೂಬಲ್‌ಗೆ ಒಂದು ಕೊಪೆಕ್, ಅಂದರೆ ನೂರರಲ್ಲಿ ಒಂದು ಪಾಲು, ಮುರಿದುಕೊಳ್ಳಲು ಆಜ್ಞಾಪಿಸುತ್ತಾನೆ. ಯುವ ಕಾರ್ಮಿಕ ಪಾವೆಲ್ ವ್ಲಾಸೊವ್ ಇದನ್ನು ಪ್ರತಿಭಟಿಸುತ್ತಾನೆ. ಆದರೆ ನಿರ್ದೇಶಕನು ಬಂದೊಡನೆ ಜನರ ಗುಂಪು ಸರಿದು ದಾರಿ ಬಿಡುತ್ತದೆ. ಪಾವೆಲ್ ಸೂಚಿಸಿದ ಮುಷ್ಕರಕ್ಕೂ ಒಮ್ಮತ ದೊರೆಯುವುದಿಲ್ಲ. ಆ ರಾತ್ರಿಯೇ ಅವನ ಬಂಧನವಾಗುತ್ತದೆ. ಕಾರ್ಮಿಕರ ಅಂಜಿಕೆಯನ್ನು ಮರೆಮಾಚದ ಈ ಭಾಗವು ಕಾದಂಬರಿಯ ದೀರ್ಘ ಭಾಷಣಗಳಿಗಿಂತ ಹೆಚ್ಚು ಸಹಜವಾಗಿದೆ.

ಮುಂದೆ ಹೋರಾಟವು ಅನಕ್ಷರಸ್ಥೆಯಂತೆಯೇ ಬದುಕಿದ್ದ ತಾಯಿ ನಿಲೊವ್ನಾಳ ಕೈಗೆ ಬರುತ್ತದೆ. ಅವಳು ಊಟ ಮಾರುವ ನೆಪದಲ್ಲಿ ಕರಪತ್ರಗಳನ್ನು ಕಾರ್ಖಾನೆಯೊಳಗೆ ಸಾಗಿಸುತ್ತಾಳೆ. ಮಗ ಸೆರೆಯಲ್ಲಿರುವಾಗಲೂ ಕರಪತ್ರಗಳು ಕಾಣಿಸಿಕೊಂಡರೆ ಅವನ ಮೇಲಿನ ಆರೋಪ ಸಡಿಲವಾಗುವುದೆಂಬುದು ಲೆಕ್ಕಾಚಾರ. ಮಗನ ಮೇಲಿನ ಮಮತೆಯೇ ಅವಳನ್ನು ಚಳವಳಿಗೆ ತರುತ್ತದೆ. ಸಿದ್ಧಾಂತದ ತಿಳಿವಳಿಕೆ ಆಮೇಲಿನದು. ಕೊನೆಯಲ್ಲಿ, ನ್ಯಾಯಾಲಯದಲ್ಲಿ ಪಾವೆಲ್ ಆಡಿದ ಮಾತುಗಳ ಮುದ್ರಿತ ಪ್ರತಿಗಳೊಂದಿಗೆ ಅವಳು ರೈಲು ನಿಲ್ದಾಣದಲ್ಲಿ ಸಿಕ್ಕಿಬೀಳುತ್ತಾಳೆ.

ಪ್ರಭಾವ

ಸೋವಿಯತ್ ವಿಮರ್ಶಕರು ಇದನ್ನು ಸಮಾಜವಾದಿ ವಾಸ್ತವತೆಯ ಮೂಲಕೃತಿಯೆಂದು ಪರಿಗಣಿಸಿದರು. ಪುದೋವ್ಕಿನ್ 1926ರಲ್ಲಿ ಇದನ್ನು ಆಧರಿಸಿ ಮೂಕಿಚಿತ್ರ ನಿರ್ದೇಶಿಸಿದರು. ಬ್ರೆಕ್ಟ್ ಬರೆದ ನಾಟಕರೂಪ 1932ರಲ್ಲಿ ರಂಗವೇರಿತು. ಕನ್ನಡಕ್ಕೆ ಇದನ್ನು ನಿರಂಜನ ಅನುವಾದಿಸಿದ್ದಾರೆ.