ಅತಿಭಾರದ ಎಚ್ಚರಿಕೆ: ಕರೆಂಟ್ ಕಾಯುವ ಉಪಕರಣಗಳ ಚರಿತ್ರೆ

ವಿದ್ಯುತ್ ಹಂಚುವ ಉಪಕರಣದಲ್ಲಿ ಹರಿಯುವ ಕರೆಂಟನ್ನು ಸದಾ ಅಳೆಯುತ್ತಿದ್ದು, ಅದು ಮಿತಿ ದಾಟುವಾಗ ಕಾವಲಿನವರನ್ನು ಎಚ್ಚರಿಸುವ ಏರ್ಪಾಟೇ ಅತಿಭಾರದ ಎಚ್ಚರಿಕೆ. ಅದರ ಅಗತ್ಯ ತಿಳಿಯಲು ಊರಾಚೆ ಕಂಬದ ಮೇಲೆ ಕೂತಿರುವ 100 ಕೆವಿಎ ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ನೋಡಿದರೆ ಸಾಕು. 433 ವೋಲ್ಟ್ ಕಡೆಯಲ್ಲಿ ಒಂದು ಫೇಸಿಗೆ ಸುಮಾರು 133 ಆಂಪಿಯರ್ ಅದರ ಶಕ್ತಿ. ತ್ರೀ ಫೇಸ್ ಬಂದ ಕೂಡಲೇ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾಗಿ ಕರೆಂಟು 160 ಮುಟ್ಟಿತು ಎನ್ನೋಣ. ಹೆಚ್ಚಾದದ್ದು ಐದನೇ ಒಂದು ಪಾಲು ಮಾತ್ರ. ಆದರೆ ಸುರುಳಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ: ಶೇ. 45ರಷ್ಟು. ಲೈಟು ಉರಿಯುತ್ತಿರುತ್ತದೆ, ಮೋಟಾರು ನೀರೆತ್ತುತ್ತಿರುತ್ತದೆ. ಒಳಗೆ ಎಣ್ಣೆ ಕಾದು, ತಂತಿಗೆ ಸುತ್ತಿದ ಕಾಗದ ದಿನದಿನಕ್ಕೂ ಸೀಯುತ್ತಿರುತ್ತದೆ.

ಕರೆಂಟನ್ನು ಮುಳ್ಳಿನ ಅಲುಗಾಟದಲ್ಲಿ ತೋರಿಸಿಕೊಟ್ಟವನು ಕೋಪನ್‌ಹೇಗನ್ನಿನ ಅರ್ಸ್ಟೆಡ್. 1820ರಲ್ಲಿ ತಂತಿಯ ಪಕ್ಕದಲ್ಲಿದ್ದ ದಿಕ್ಸೂಚಿ ವಾಲಿದ್ದನ್ನು ಅವನು ಕಂಡ. ಮುಳ್ಳಿನ ಆಂಮೀಟರುಗಳೆಲ್ಲ ಆ ದಿಕ್ಸೂಚಿಯ ಸಂತಾನ. ಆದರೂ 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುತ್ ಕೇಂದ್ರ ಶುರುವಾದಾಗ ಗ್ರಾಹಕರ ಮನೆಯ ಮೀಟರಿಗೆ ಮುಳ್ಳೇ ಇರಲಿಲ್ಲ. ಸತುವಿನ ಲವಣದ ದ್ರಾವಣದಲ್ಲಿ ಎರಡು ಸತುವಿನ ಫಲಕ ಮುಳುಗಿರುತ್ತಿದ್ದವು. ತಿಂಗಳಿಗೊಮ್ಮೆ ಅವನ್ನು ತೆಗೆದು ತೂಗಿ ಬಿಲ್ ಬರೆಯುತ್ತಿದ್ದರು. ಚಳಿಗೆ ದ್ರಾವಣ ಹೆಪ್ಪುಗಟ್ಟದಿರಲೆಂದು ಪೆಟ್ಟಿಗೆಯೊಳಗೊಂದು ಬಲ್ಬು ಬೇರೆ. ಲೆಕ್ಕಕ್ಕೆ ಇದು ಸರಿ, ಕಾವಲಿಗೆ ಅಲ್ಲ. ಕಾವಲಿಗೆ ಇದ್ದದ್ದು ಫ್ಯೂಸು. ಕರಗಿದ ಮೇಲಷ್ಟೇ ಅದು ಸುದ್ದಿ ಹೇಳುವುದು.

1924ರಲ್ಲಿ ಜರ್ಮನಿಯ ಮನ್‌ಹೈಮಿನ ಹ್ಯೂಗೊ ಸ್ಟಾಟ್ಜನ ಕಂಪನಿ ಪೇಟೆಂಟ್ ಪಡೆದ ಪುಟ್ಟ ಸರ್ಕ್ಯೂಟ್ ಬ್ರೇಕರು ಈ ಕಾವಲಿನ ಕೆಲಸವನ್ನು ಎರಡಾಗಿ ಹಂಚಿತು. ಎರಡು ಲೋಹಗಳನ್ನು ಬೆಸೆದ ಪಟ್ಟಿ ಅತಿಭಾರದ ಬಿಸಿಗೆ ನಿಧಾನವಾಗಿ ಬಾಗುತ್ತದೆ. ಶಾರ್ಟ್ ಆದರೆ ವಿದ್ಯುತ್ಕಾಂತ ಅರೆಕ್ಷಣದಲ್ಲಿ ಎಳೆದು ಬಿಡುತ್ತದೆ. ಮನೆಗಳಲ್ಲಿ 'ಎಂಸಿಬಿ ಟ್ರಿಪ್ ಆಯ್ತು' ಎನ್ನುವುದು ಇದರ ವಂಶಕ್ಕೇ ಸೇರಿದ ಮಾತು.

ನೂರಾರು ಆಂಪಿಯರಿನ ಫೀಡರಿಗೆ ನೇರವಾಗಿ ಮೀಟರ್ ಕಟ್ಟುವಂತಿಲ್ಲ. ಅಲ್ಲಿಗೆ ಬಂದದ್ದು ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ. 200 ಆಂಪಿಯರನ್ನು 5ಕ್ಕೆ ಇಳಿಸಿ ಪ್ಯಾನೆಲ್ಲಿಗೆ ಕಳಿಸುವುದು ಅದರ ಕೆಲಸ. ಲೈನ್ ಚಾಲೂ ಇರುವಾಗ ಆಂಮೀಟರ್ ಬಿಚ್ಚಬೇಕಾದರೆ ಸಿಟಿಯ ಎರಡು ತುದಿಗಳನ್ನು ಮೊದಲು ಕೂಡಿಸಲೇಬೇಕು. ತೆರೆದು ಬಿಟ್ಟರೆ ಜೀವ ತೆಗೆಯುವಷ್ಟು ವೋಲ್ಟೇಜು ಏಳುತ್ತದೆ. ಪ್ಯಾನೆಲ್ಲಿನ ರಿಲೇಯೊಳಗೆ ಹಳೆಯ ಮನೆ ಮೀಟರಿನಂಥದೇ ತಟ್ಟೆ. ಕರೆಂಟ್ ಹೆಚ್ಚಿದಷ್ಟೂ ಬೇಗ ತಿರುಗಿ ಬ್ರೇಕರಿಗೆ ಆಜ್ಞೆ ಕೊಡುತ್ತಿತ್ತು. ಅದಕ್ಕೂ ಮೊದಲೇ ಗಂಟೆ ಬಾರಿಸಿ, ಕಿಟಕಿಯಂಥ ಗಾಜಿನ ಹಿಂದೆ ದೀಪ ಹೊತ್ತಿಸುವ ಏರ್ಪಾಟು ಸಬ್‌ಸ್ಟೇಷನ್ನುಗಳಲ್ಲಿ ಬೆಳೆಯಿತು. ಕಡಿಯುವುದು ಬೇರೆ, ಹೇಳುವುದು ಬೇರೆ ಎಂದಾಯಿತು.

ಹಾಗೆಂದು ಮಿತಿ ಗೊತ್ತುಮಾಡುವುದು ಸುಲಭವಲ್ಲ. 1965ರ ನವೆಂಬರ್ 9ರ ಸಂಜೆ ನಯಾಗರ ಬಳಿಯ ಸರ್ ಆಡಮ್ ಬೆಕ್ ಕೇಂದ್ರದಲ್ಲಿ ಒಂದು ರಿಲೇ, ತಂತಿ ಹೊರಬಲ್ಲ ಭಾರಕ್ಕೂ ಕೆಳಗಿನ ಅಂಕಿಗೇ ಒಂದು ಲೈನನ್ನು ಕಡಿಯಿತು. ಜೊತೆಯ ನಾಲ್ಕು ಲೈನುಗಳು ಹೆಚ್ಚಿನ ಭಾರಕ್ಕೆ ಸರಸರನೆ ಟ್ರಿಪ್ ಆದವು. ಸುಮಾರು 3 ಕೋಟಿ ಜನ ಕತ್ತಲಿಗೆ ಬಿದ್ದರು.

ಅದಕ್ಕಿಂತ ವಿಚಿತ್ರವಾದದ್ದು 2003ರ ಆಗಸ್ಟ್ 14ರ ಪ್ರಸಂಗ. ಅಮೆರಿಕದ ಒಹಾಯೊ ರಾಜ್ಯದ ಒಂದು ನಿಯಂತ್ರಣ ಕೊಠಡಿಯಲ್ಲಿ ಮಧ್ಯಾಹ್ನ 2.14ರ ಸುಮಾರಿಗೆ ಎಚ್ಚರಿಕೆಯ ಸಾಫ್ಟ್‌ವೇರೇ ನಿಂತುಹೋಯಿತು. ನಿಂತಿದೆ ಎಂದು ಹೇಳಲು ಇನ್ನೊಂದು ಎಚ್ಚರಿಕೆ ಇರಲಿಲ್ಲ. 3.05ಕ್ಕೆ ಒಂದು 345 ಕೆವಿ ಲೈನು ಮರಕ್ಕೆ ತಗುಲಿ ಟ್ರಿಪ್ ಆಯಿತು, 3.32ಕ್ಕೆ ಇನ್ನೊಂದು, 3.41ಕ್ಕೆ ಮತ್ತೊಂದು. ಪರದೆ ಶಾಂತವಾಗಿತ್ತು, ಸಿಬ್ಬಂದಿಯೂ ಶಾಂತವಾಗಿದ್ದರು. ನೆರೆಯ ಕಂಪನಿಗಳಿಂದ ಫೋನು ಬಂದರೂ ನಂಬಿಕೆ ಪರದೆಯ ಮೇಲೇ. 4.05ಕ್ಕೆ ಮಿತಿಮೀರಿ ಭಾರ ಹೊತ್ತಿದ್ದ ಸ್ಯಾಮಿಸ್–ಸ್ಟಾರ್ ಲೈನನ್ನು ರಿಲೇ ಶಾರ್ಟ್ ಎಂದು ಭಾವಿಸಿ ಕಡಿಯಿತು. ಮುಂದಿನ ಏಳೆಂಟು ನಿಮಿಷದಲ್ಲಿ ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನರ ವಿದ್ಯುತ್ ಹೋಯಿತು.

ಭಾರ ಹೆಚ್ಚಾದುದನ್ನೇ ದೋಷವೆಂದು ತಿಳಿಯುವ ಈ ಚಾಳಿ 2012ರ ಜುಲೈ 30ರ ನಸುಕಿನಲ್ಲಿ ಬೀನಾ–ಗ್ವಾಲಿಯರ್ ಲೈನಿನಲ್ಲಿಯೂ ಕಂಡಿತು; ಉತ್ತರ ಭಾರತ ಕತ್ತಲಾಯಿತು. ಮರುದಿನ ಪೂರ್ವ, ಈಶಾನ್ಯಗಳೂ ಸೇರಿದವು. ಕರ್ನಾಟಕ ಉಳಿದದ್ದು ದಕ್ಷಿಣದ ಗ್ರಿಡ್ ಆಗಿನ್ನೂ ಪ್ರತ್ಯೇಕವಾಗಿ ಮಿಡಿಯುತ್ತಿದ್ದುದರಿಂದ. ರಾಯಚೂರು–ಸೊಲ್ಲಾಪುರ ಲೈನು ಅದನ್ನು ದೇಶದ ಗ್ರಿಡ್ಡಿಗೆ ಬೆಸೆದದ್ದು 2013ರ ಡಿಸೆಂಬರ್ 31ರಂದು.

ಇಷ್ಟು ಹೊತ್ತಿಗೆ ತಟ್ಟೆಯ ರಿಲೇಗಳ ಜಾಗಕ್ಕೆ ಮೈಕ್ರೊಪ್ರೊಸೆಸರ್ ಬಂದಿತ್ತು. ಇಂದು ಡೇಟಾ ಸೆಂಟರಿನ ಸರ್ವರ್ ಬೀರುಗಳಲ್ಲಿ ನಿಲ್ಲಿಸಿದ ಪ್ಲಗ್‌ಪಟ್ಟಿ ಕೂಡ ತನ್ನ ಕರೆಂಟನ್ನು ನೆಟ್‌ವರ್ಕಿನಲ್ಲಿ ವರದಿ ಮಾಡುತ್ತದೆ. ಅಮೆರಿಕದ ನಿಯಮದಂತೆ 20 ಆಂಪಿಯರ್ ಬ್ರೇಕರಿನ ಮೇಲೆ ಸತತ ಭಾರ 16 ದಾಟಬಾರದು. ಆದರೆ ಸರ್ವರಿಗೆ ಎರಡು ಕಡೆಯಿಂದ ವಿದ್ಯುತ್ ಬರುತ್ತದೆ. 'ಎ' ಸಾಲಿನಲ್ಲಿ 10, 'ಬಿ' ಸಾಲಿನಲ್ಲಿ 10 ಆಂಪಿಯರ್ ಇದ್ದರೆ ಎರಡೂ ಹಸಿರೇ ತೋರಿಸುತ್ತವೆ. 'ಎ' ಹೋದರೆ 'ಬಿ' ಮೇಲೆ ಬೀಳುವುದು 20. ಲೆಕ್ಕ ಬಲ್ಲವರು ಅಲ್ಲಿ ಎಚ್ಚರಿಕೆಯನ್ನು 16ಕ್ಕಲ್ಲ, 8ಕ್ಕೇ ಇಡುತ್ತಾರೆ.