ಮಾಂಡವಿ ದಡದ ಹಳೆ ಸಚಿವಾಲಯ

ಖಾನಾಪುರದ ಭೀಮಗಡ ಕಾಡಿನಲ್ಲಿ ಹುಟ್ಟುವ ಮಹದಾಯಿ ಘಟ್ಟವಿಳಿದು ಮಾಂಡವಿಯಾಗಿ, ಕಡಲು ಸೇರುವ ಮೊದಲು ಪಣಜಿಯಲ್ಲಿ ಅಗಲವಾಗಿ ಮೈಚಾಚಿಕೊಳ್ಳುತ್ತಾಳೆ. ಅಲ್ಲೇ ನದಿಗೆ ಮುಖಮಾಡಿ ಹೆಂಚಿನ ಮಾಡಿನ ಉದ್ದನೆಯ ಕಟ್ಟಡವೊಂದಿದೆ. ದಾಖಲೆಗಳಲ್ಲಿ ಅದು ಆದಿಲ್‌ಶಾ ಅರಮನೆ, ಪಣಜಿಯವರ ಬಾಯಲ್ಲಿ ಹಳೆ ಸೆಕ್ರೆಟರಿಯೇಟ್.

1500ರ ಸುಮಾರಿಗೆ ಇದನ್ನು ಕಟ್ಟಿಸಿದವನು ವಿಜಾಪುರದ ಯೂಸುಫ್ ಆದಿಲ್‌ಶಾ, ಈಗ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಮಣ್ಣಾಗಿರುವ ಸುಲ್ತಾನ. ಹೆಸರಿಗೆ ಬೇಸಿಗೆಯ ಬಿಡಾರ, ಕೆಲಸದಲ್ಲಿ ಕೋಟೆ. ಸುತ್ತ ಉಪ್ಪುನೀರಿನ ಕಂದಕ, ನದಿಯತ್ತ ಬಾಯಿ ತೆರೆದ ಫಿರಂಗಿಗಳು. ಒಳನಾಡಿನ ಗೋವೆ ಪಟ್ಟಣಕ್ಕೆ, ಅಂದರೆ ಇಂದಿನ ಹಳೆ ಗೋವೆಗೆ, ಹೋಗುವ ಹಡಗುಗಳೆಲ್ಲ ಈ ಕಾವಲನ್ನು ದಾಟಬೇಕಿತ್ತು.

1510ರಲ್ಲಿ ಹೊನ್ನಾವರದ ಕಡಲ ಸರದಾರ ತಿಮ್ಮೋಜನ ಮಾತು ಕೇಳಿ ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್ ಗೋವೆಗೆ ನುಗ್ಗಿದ. ಮೊದಲ ಗೆಲುವು ಹೆಚ್ಚು ಕಾಲ ಉಳಿಯಲಿಲ್ಲ. ಮೇ ತಿಂಗಳಲ್ಲಿ ವಿಜಾಪುರದ ಸೇನೆ ಅವನನ್ನು ಊರಿಂದ ಹೊರಗಟ್ಟಿತು. ಅಷ್ಟರಲ್ಲಿ ಮಳೆಗಾಲ ಕಾಲಿಟ್ಟಿತ್ತು, ಕಡಲಿಗಿಳಿಯುವ ದಾರಿ ಮುಚ್ಚಿತ್ತು. ಅವನ ಹಡಗುಗಳು ನದಿಯಲ್ಲೇ ಸಿಕ್ಕಿಬಿದ್ದವು. ಪಣಜಿಯ ಈ ಕೋಟೆಯಿಂದ ಗುಂಡು ಬೀಳುತ್ತಿತ್ತು, ಹಡಗಿನೊಳಗೆ ಹಸಿವು. ಆಗಸ್ಟ್‌ನಲ್ಲಿ ಹೇಗೋ ಪಾರಾಗಿ ಹೋದವನು ನವೆಂಬರ್ 25ರಂದು ಮರಳಿ ಬಂದು ಗೋವೆಯನ್ನು ಗೆದ್ದ. ಮುಂದಿನ 451 ವರ್ಷ ಪೋರ್ಚುಗೀಸರದೇ ಆಳ್ವಿಕೆ.

ಗೆದ್ದವರು ಕೋಟೆಯನ್ನು ಕೆಡವಲಿಲ್ಲ. ಲಿಸ್ಬನ್‌ನಿಂದ ಬಂದಿಳಿದ ಹೊಸ ವೈಸ್‌ರಾಯ್ ಹಳೆ ಗೋವೆಗೆ ಮೆರವಣಿಗೆಯಲ್ಲಿ ಹೋಗುವ ಮುನ್ನ ಇಲ್ಲಿ ತಂಗುತ್ತಿದ್ದ. ಪಿಡುಗುಗಳು ಹಳೆ ಗೋವೆಯನ್ನು ಬರಿದು ಮಾಡಿದಾಗ, 1759ರಲ್ಲಿ ವೈಸ್‌ರಾಯ್ ಇಲ್ಲಿಗೇ ಬಂದು ನೆಲೆಸಿದ. 1843ರಲ್ಲಿ ಪಣಜಿ ಅಧಿಕೃತ ರಾಜಧಾನಿಯಾಯಿತು. ಅತ್ತ ಜನ ತೊರೆದ ಹಳೆ ಗೋವೆಯಲ್ಲಿ ವೈಸ್‌ರಾಯ್‌ಗಳ ಹಿಂದಿನ ಅರಮನೆಯ ಪಾಲಿಗೆ ಇಂದು ಉಳಿದಿರುವುದು ಒಂದು ಬಾಗಿಲ ಕಮಾನು ಮಾತ್ರ. ಕೆಲಸವಿದ್ದ ಕಟ್ಟಡ ಬದುಕಿತು, ಕೆಲಸ ತಪ್ಪಿದ್ದು ಅಳಿಯಿತು. 1918ರಲ್ಲಿ ಗವರ್ನರರ ಬಿಡಾರ ಕಾಬೊ ಭೂಶಿರಕ್ಕೆ, ಅಂದರೆ ಮುಂದೆ ರಾಜಭವನವೆನಿಸಿದ ಕಟ್ಟಡಕ್ಕೆ ಹೋಯಿತು. ಇಲ್ಲಿ ಕಚೇರಿಗಳು ಉಳಿದವು.

ಪ್ರವಾಸಿಗರಿಗೆ ಹೇಳುವ ಕಥೆ ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತದೆ. ನನಗೆ ದೊಡ್ಡದೆನಿಸುವುದು ಆಮೇಲಿನದು. 1961ರ ಡಿಸೆಂಬರ್ 19ರಂದು ಗೋವೆ ಬಿಡುಗಡೆಯಾಯಿತು. 1963ರ ಡಿಸೆಂಬರ್‌ನಲ್ಲಿ ಚುನಾವಣೆ ನಡೆದು, ಮರು ಜನವರಿಯಲ್ಲಿ ಗೋವೆ, ದಮನ್, ದಿಯುಗಳ ಮೂವತ್ತು ಶಾಸಕರು ಇದೇ ಮಾಡಿನ ಕೆಳಗೆ ಕೂತರು. ಒಂದು ಕಡೆ ಮುಖ್ಯಮಂತ್ರಿ ದಯಾನಂದ ಬಾಂದೋಡಕರ, ಎದುರಿಗೆ ವಿರೋಧ ಪಕ್ಷದ ಜ್ಯಾಕ್ ಸಿಕ್ವೇರಾ. ಗೋವೆ ಮಹಾರಾಷ್ಟ್ರದಲ್ಲಿ ಸೇರಬೇಕೆ, ಬೇರೆಯೇ ಉಳಿಯಬೇಕೆ ಎಂಬ ಜಗಳ ಇಲ್ಲಿ ಕಾವೇರಿತು. 1967ರ ಜನವರಿಯಲ್ಲಿ ಜನರೇ ಮತ ಹಾಕಿ ಬೇರೆ ಉಳಿಯುವುದೆಂದು ತೀರ್ಮಾನಿಸಿದರು. 1987ರ ಫೆಬ್ರುವರಿಯಲ್ಲಿ ಕೊಂಕಣಿ ರಾಜಭಾಷೆಯಾಯಿತು, ಮೇ 30ರಂದು ಗೋವೆ ರಾಜ್ಯವಾಯಿತು. ಪೋರ್ಚುಗೀಸರ ಕಾಲದಲ್ಲಿ ಈ ಮನೆಯಿಂದ ಅಪ್ಪಣೆ ಹೊರಡುತ್ತಿತ್ತು. ಶಾಸಕರು ಕೂತ ಮೇಲೆ ಅಹವಾಲು ಹಿಡಿದ ಜನ ಒಳಗೆ ಬರತೊಡಗಿದರು.

2000ದಲ್ಲಿ ವಿಧಾನಸಭೆ ನದಿಯಾಚೆಯ ಪರ್ವರಿ ಗುಡ್ಡಕ್ಕೆ ಹೋಯಿತು. ದುರಸ್ತಿಯ ಬಳಿಕ ಇಲ್ಲಿ ಪ್ರದರ್ಶನಗಳು ನಡೆಯುತ್ತಿವೆ. 2016ರಲ್ಲಿ ಶುರುವಾದ ಸೆರೆಂಡಿಪಿಟಿ ಕಲಾ ಉತ್ಸವಕ್ಕೆ ಇದೂ ಒಂದು ಅಂಗಳ. ರಾಜ್ಯ ವಸ್ತುಸಂಗ್ರಹಾಲಯವೂ ತಾತ್ಕಾಲಿಕವಾಗಿ ಇಲ್ಲಿಗೆ ಬಂತು. ಚಿತ್ರ, ಶಿಲ್ಪ ಇರಲಿ, ಸಂತೋಷವೇ. ಆದರೆ ಶಾಸಕರು ಕೂತ ಆ ಮೂವತ್ತಾರು ವರ್ಷಗಳಿಗೂ ಒಂದು ಕೋಣೆ ಮೀಸಲಾಗಬೇಕು. ಮೊದಲ ಸಭೆಯ ಕಲಾಪ, ಜನಮತದ ದಿನಗಳ ಪತ್ರಿಕೆಗಳು, ಕೊಂಕಣಿ ಮಸೂದೆಯ ಚರ್ಚೆ, ಇವೆಲ್ಲ ಅಲ್ಲಿ ಓದಲು ಸಿಗಬೇಕು. ಬೆಳಗಾವಿ, ಕಾರವಾರದಿಂದ ಶಾಲಾ ಮಕ್ಕಳನ್ನು ಕರೆದೊಯ್ಯುವ ಮೇಷ್ಟ್ರುಗಳಿಗೆ ಸುಲ್ತಾನನ ಫಿರಂಗಿಯ ಜೊತೆಗೆ ಅದನ್ನೂ ತೋರಿಸಲು ಅವಕಾಶವಾಗಲಿ.